ಮಾವನ ಮನೆಗೆ ಬಂದ ಸುಬ್ಬು

ನಮ್ಮ ಸೋದರಮಾವನಿಗೆ ಹುಚ್ಚು ಇರಲಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಮುಂದಿನದನ್ನೆಲ್ಲ ಕೇಳಿಸಿಕೊಂಡ ಮೇಲೆ ಹೇಳಿದರೆ ನೀವು ಖಂಡಿತ ನಂಬುವುದಿಲ್ಲ!

ತಿಪಟೂರಿನಲ್ಲಿ ಅವರದೊಂದು ಕೊಬ್ಬರಿ ಮಂಡಿ ಇತ್ತು. ಮಂಡಿಯಲ್ಲಿ ಕೂತರೆ ಅವರಷ್ಟು ನೆಟ್ಟಗಿನ ಮನುಷ್ಯ ಇನ್ನೊಬ್ಬರಿಲ್ಲ. ಮನೆಗೆ ಬಂದು ಅಂಗಿ ಬಿಚ್ಚಿ ಗೂಟಕ್ಕೆ ತೂಗುಹಾಕಿದರೋ, ಅಲ್ಲಿಂದಾಚೆಗೆ ಇಡೀ ಮನುಷ್ಯ ಎರಡು ಕಿವಿಯಾಗಿಬಿಡುತ್ತಿದ್ದರು. ಕೊಬ್ಬರಿ ವ್ಯಾಪಾರಕ್ಕೆ ಕಿವಿ ಬೇಕು, ಅದು ನಿಜ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂಬುದನ್ನು ಸದ್ದೇ ಹೇಳುತ್ತದೆ. ಆದರೆ ಕಾಯಿಗೆ ಮಾಡುವುದನ್ನು ಪ್ರಪಂಚದ ಎಲ್ಲ ವಸ್ತುವಿಗೂ ಮಾಡುವುದುಂಟೆ? ಮಾವ ಗಡಿಯಾರವನ್ನು ಅಲ್ಲಾಡಿಸಿ ಕೊಳ್ಳುತ್ತಿದ್ದರು. ಔಷಧಿ ಶೀಷೆಯನ್ನು ಅಲ್ಲಾಡಿಸಿ ಕೊಳ್ಳುತ್ತಿದ್ದರು. ಅತ್ತೆಯ ದೂರೇ ಬೇರೆ.

“ನನ್ನ ನೋಡೋಕೆ ಬಂದಾಗ ಇವರು ತಲೆ ಎತ್ತಿ ಮುಖಾನೂ ನೋಡ್ಲಿಲ್ಲ ಕಣೇ. ನಾನು ಕಾಫಿ ಲೋಟ ಕೆಳಗಿಟ್ಟ ಸದ್ದು ಕೇಳಿ ಒಪ್ಕಂಡ್ರಂತೆ!”

“ಮತ್ತೆ?” ಎನ್ನುತ್ತಿದ್ದರು ಮಾವ, ಸ್ವಲ್ಪವೂ ನಾಚದೆ. “ಲೋಟ ಇಡೋದರಲ್ಲೇ ಗೊತ್ತಾಗ್ತದೆ ಮನುಷ್ಯರ ಗುಣ. ನಾನೇನು ಮೋಸ ಹೋದ್ನಾ?”

ಎಂಬತ್ತರ ದಶಕದ ಶುರುವಿನಲ್ಲಿ ಅತ್ತೆಯ ತಂಗಿಯ ಗಂಡ ಕುವೈತಿನ ಕೆಲಸ ಮುಗಿಸಿ ವಾಪಸು ಬರುವಾಗ ಒಂದು ರೆಕಾರ್ಡ್ ಪ್ಲೇಯರು, ಒಂದು ಆಂಪ್ಲಿಫೈಯರು, ಇಂಗ್ಲೆಂಡಿನಲ್ಲಿ ತಯಾರಾದ ಒಂದು ಜೊತೆ ಸ್ಪೀಕರು ತಂದರು. ಬಹಳ ಹೆಸರುವಾಸಿ ಸ್ಪೀಕರುಗಳಂತೆ. ಆದರೆ ಅವರಿಗೆ ಸಂಗೀತಕ್ಕಿಂತ ನಿದ್ದೆಯ ಮೇಲೆ ಪ್ರೀತಿ ಹೆಚ್ಚು. ಎಲ್ಲವನ್ನೂ ಮಾವನಿಗೆ ದಾಟಿಸಿ ನೆಮ್ಮದಿಯಾಗಿ ಮಲಗಿದರು. ಮಾವನ ಮನೆಯ ನಿದ್ದೆ ಅಲ್ಲಿಗೆ ಮುಗಿಯಿತು!

ಆ ಸ್ಪೀಕರುಗಳು ನೋಡಲು ಅವಲಕ್ಕಿ ಡಬ್ಬಗಳಷ್ಟೇ ಇದ್ದವು. ಹಾಡತೊಡಗಿದರೆ ಮಾತ್ರ ಗಾಯಕ ನಮ್ಮ ಹಜಾರದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಂತೆ. ಉಸಿರೆಳೆದುಕೊಳ್ಳುವುದು ಕೇಳುತ್ತಿತ್ತು, ಪಿಟೀಲಿನ ಕಮಾನು ತಂತಿಯನ್ನು ಮುಟ್ಟುವ ಕ್ಷಣ ಕೇಳುತ್ತಿತ್ತು. ಹಾಡುವವರ ಬಾಯಲ್ಲಿ ಎಲೆಅಡಿಕೆ ಇದೆಯೋ ಇಲ್ಲವೋ ಎಂದು ಮಾವ ಹೇಳಿಬಿಡುತ್ತಿದ್ದರು. ಸರಿಯೋ ತಪ್ಪೋ ನೋಡಿದವರು ಯಾರು? ಮನೆಮಂದಿಯೆಲ್ಲ ಬೆರಗಾಗಿ ಕೂತಿದ್ದಾಗ ಮಾವ ಒಬ್ಬರೇ ಹುಬ್ಬು ಗಂಟಿಕ್ಕಿಕೊಂಡು ಕೇಳಿದರು:

“ಮೃದಂಗದೋನ ಎಡಗೈ ಎಲ್ಲಿ ಹೋಯ್ತು?”

ನಾನಾಗ ಅವರ ಮನೆಯಲ್ಲೇ ಇದ್ದುಕೊಂಡು ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಹಾಗಾಗಿ ಭೌತಶಾಸ್ತ್ರಕ್ಕೆ ಸಂಬಂಧಪಟ್ಟ ಇಡೀ ಜವಾಬ್ದಾರಿ ನನ್ನ ಹೆಗಲಿಗೆ ಬಿದ್ದಿತ್ತು. ಕುವೈತಿನಿಂದ ಸ್ಪೀಕರುಗಳ ಜೊತೆಗೇ ಬಂದಿದ್ದ ಒಂದು ಇಂಗ್ಲಿಷ್ ಪತ್ರಿಕೆಯನ್ನು ಓದಿ ಅರ್ಥ ಹೇಳಿದೆ: ಸಣ್ಣ ಪೆಟ್ಟಿಗೆಗೆ ಬಲಗೈಯ ನಾದ ಚೆನ್ನಾಗಿ ಬರುತ್ತದೆ. ಎಡಗೈಯ ಆಳದ ‘ಗುಂ’ ಬರಬೇಕಾದರೆ ತುಂಬ ಗಾಳಿಯನ್ನು ತಳ್ಳಬೇಕು, ಅಷ್ಟು ಶಕ್ತಿ ಅದಕ್ಕಿಲ್ಲ. ಅದಕ್ಕೇ ಶ್ರೀಮಂತರು ಬರೀ ಗುಂ ಎನ್ನಲಿಕ್ಕೆಂದೇ ಮೂರನೆಯದೊಂದು ಪೆಟ್ಟಿಗೆ ಇಟ್ಟುಕೊಳ್ಳುತ್ತಾರಂತೆ. ಅದರ ಹೆಸರು ಸಬ್‌ವೂಫರ್.

ಮಾವನ ಕಣ್ಣು ಅರಳಿತು. ಅವತ್ತಿನಿಂದ ಕೂತಲ್ಲಿ ನಿಂತಲ್ಲಿ ಅದೇ ಜಪ. “ಬೆಂಗಳೂರಿಂದ ಒಳ್ಳೆ ಸಬ್ಬು ತರಬೇಕು. ನಮ್ಮ ಜೋಡಿಗೆ ಹೊಂದೋ ಅಂಥ ಸಬ್ಬು.”

ನಮ್ಮ ಮನೆಗೂ ಪಕ್ಕದ ಪುಟ್ಟಮ್ಮಜ್ಜಿಯ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಮಗ, ಸೊಸೆ, ಮೊಮ್ಮಕ್ಕಳಿದ್ದ ತುಂಬಿದ ಮನೆ ಅದು. ಆದರೂ ಅಜ್ಜಿಗೆ ತಮ್ಮ ಮನೆಯ ಸಮಾಚಾರಕ್ಕಿಂತ ನಮ್ಮ ಮನೆಯದೇ ರುಚಿ. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಅತ್ತೆಯನ್ನು ಹಿಡಿದು ನಿಲ್ಲಿಸಿದರು.

“ಸುಬ್ಬು ಯಾವಾಗ ಬತ್ತಾನಮ್ಮ?”

“ಯಾವ ಸುಬ್ಬು?”

“ಅದೇ, ಬೆಂಗಳೂರು ಹುಡುಗ. ನಿಮ್ಮ ಹುಡುಗೀಗೆ ಹೊಂದ್ತಾನೆ ಅಂತ ನಿಮ್ಮೆಜಮಾನ್ರು ಹೇಳ್ತಿದ್ರಲ್ಲ. ಏನು ಕೆಲಸ ಅವನಿಗೆ?”

ಬಿಂದಿಗೆ ತುಂಬುವ ಅವಸರದಲ್ಲಿದ್ದ ಅತ್ತೆ, “ಕೆಲ್ಸ ಏನಿಲ್ಲ. ದಿನವಿಡೀ ಮೂಲೇಲಿ ಕೂತು ಗುಂಯ್ ಅನ್ನೋದು!” ಎಂದರು.

“ಅಯ್ಯೋ, ಬ್ಯಾಡ ಬುಡು ಅಂಥೋನು!” ಎಂದು ಅಜ್ಜಿ ಕೆನ್ನೆ ಬಡಿದುಕೊಂಡರು. ವಿಷಯ ತಿಳಿದ ಮೇಲೂ ಆ ಬೀದಿಯಲ್ಲಿ ಅದಕ್ಕೆ ಸುಬ್ಬು ಎಂಬ ಹೆಸರೇ ನಿಂತುಹೋಯಿತು. ನನ್ನನ್ನು ಕಂಡರೆ ಹೆಂಗಸರು ಬಹಳ ದಿನ ಕನಿಕರದಿಂದ ನೋಡುತ್ತಿದ್ದರು.

ಮೊದಲ ಸುಬ್ಬು ಹುಟ್ಟಿದ್ದು ಮನೆಯಲ್ಲೇ. ಅತ್ತೆ ರಾಗಿ ತುಂಬಿಡುತ್ತಿದ್ದ ದೊಡ್ಡ ಮಣ್ಣಿನ ಗುಡಾಣವನ್ನು ಮಾವ ಖಾಲಿ ಮಾಡಿಸಿದರು. ರೇಡಿಯೋ ರಿಪೇರಿಯವನಿಂದ ಹಳೆಯ ಸ್ಪೀಕರೊಂದನ್ನು ತರಿಸಿ ಗುಡಾಣದ ಬಾಯಿಗೆ ಕೂರಿಸಿ, ಸುತ್ತ ಹಿಟ್ಟು ಮೆತ್ತಿದರು. “ಘಟ ನುಡಿಸ್ತಾರಲ್ಲ, ಅದೂ ಮಣ್ಣೇ ತಾನೇ?” ಎಂಬುದು ಅವರ ವಾದ. ತರ್ಕವೇನೋ ಸರಿಯಾಗಿತ್ತು. ಸ್ವಿಚ್ಚು ಒತ್ತಿದಾಗ ಬಂದ ಸದ್ದು ಮಾತ್ರ ಕೆರೆಯ ಹೂಳಿನಲ್ಲಿ ಸಿಕ್ಕಿಕೊಂಡ ಕೋಣದ್ದು. ಅತ್ತೆ ಅಡಿಗೆಮನೆಯಿಂದಲೇ ಕೂಗಿದರು:

“ಹಾಡ್ತಿರೋರು ಬಾವಿಗೆ ಬಿದ್ರಾ ರೀ? ಹಗ್ಗ ಬಿಡ್ಲಾ?”

ಗುಡಾಣ ರಾಗಿಗೆ ವಾಪಸಾಯಿತು.

ಆಮೇಲೆ ನಮ್ಮಿಬ್ಬರ ಬೆಂಗಳೂರು ಯಾತ್ರೆ. ಮಾವನ ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಕಛೇರಿ ಸಂಗೀತದ ರೆಕಾರ್ಡು. ಬಸ್ಸಿನಲ್ಲಿ ನನಗೆ ಸೀಟು ಹಿಡಿಯುವ ಮೊದಲು ಅದಕ್ಕೆ ಹಿಡಿದರು! ಅಂಗಡಿಯ ಯುವಕ ಬಹಳ ಉತ್ಸಾಹಿ. ದೊಡ್ಡದೊಂದು ಪೆಟ್ಟಿಗೆಗೆ ವೈರು ಸಿಕ್ಕಿಸಿ ಯಾವುದೋ ಡಿಸ್ಕೋ ಹಾಕಿದ. ಗಾಜಿನ ಬೀರು ಗಡಗಡ ನಡುಗಿತು, ನನ್ನ ಕಿವಿಯ ಓಲೆ ನಡುಗಿತು. ಮಾವ ಶಾಂತವಾಗಿ ಅದನ್ನು ನಿಲ್ಲಿಸಲು ಹೇಳಿ, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತಬ್ಬಿ ಎತ್ತಿ, ಕಿವಿಯ ಹತ್ತಿರ ತಂದು ಅಲ್ಲಾಡಿಸಿದರು.

“ಸಾರ್! ಸಾರ್! ಅದು ತೆಂಗಿನಕಾಯಲ್ಲ ಸಾರ್!”

“ಗೊತ್ತು ಕಣಪ್ಪ. ಆದ್ರೂ ಒಳಗೆ ಏನೋ ಬಿಟ್ಟೈತೆ ನೋಡು. ಲೊಟಕ್ ಅಂತೈತೆ.”

ಹಿಂದಿನ ಹಲಗೆ ಬಿಚ್ಚಿದರೆ ಒಳಗೆ ಕಳಚಿ ಬಿದ್ದ ಒಂದು ಸ್ಕ್ರೂ ಉರುಳಾಡುತ್ತಿತ್ತು. ಆ ಯುವಕ ಮಾವನನ್ನು ನೋಡಿದ ನೋಟವೇ ಬದಲಾಯಿತು. ಕುರ್ಚಿ ಹಾಕಿಸಿದ, ಕಾಫಿ ತರಿಸಿದ, ಅಂಗಡಿಯಲ್ಲಿದ್ದ ಪೆಟ್ಟಿಗೆಗಳನ್ನೆಲ್ಲ ಒಂದೊಂದಾಗಿ ತಂದು ಮಾವನ ಮುಂದೆ ಇಟ್ಟ. ಮಾವ ತಮ್ಮ ರೆಕಾರ್ಡನ್ನೇ ಹಾಕಿಸಿ, ಕಣ್ಣು ಮುಚ್ಚಿ ಕೇಳಿ, ಒಂದೊಂದಕ್ಕೂ ಬೇಡವೆಂದು ತಲೆಯಾಡಿಸಿದರು.

“ಇವುಕ್ಕೆಲ್ಲ ಬರೋದು ಒಂದೇ ಸ್ವರ ಕಣಪ್ಪ. ಮೃದಂಗಕ್ಕೂ ಅದೇ ಗುಂ, ತಂಬೂರಿಗೂ ಅದೇ ಗುಂ, ಕೆಮ್ಮಿದ್ರೂ ಅದೇ ಗುಂ.”

“ಎಲ್ಲರೂ ಇದನ್ನೇ ಕೇಳಿ ತಗೊಂಡು ಹೋಗ್ತಾರೆ ಸಾರ್. ಎದೆ ನಡುಗುತ್ತೆ ನೋಡಿ!”

“ಎದೆ ನಡುಗೋಕೆ ನಮ್ಕಡೆ ತುರುವೇಕೆರೆ ಬಸ್ಸೈತಲ್ಲಪ್ಪ!”

ಕೊನೆಗೆ ಊಟದ ತಟ್ಟೆಯಗಲದ ಒಂದು ಬರಿಯ ಸ್ಪೀಕರನ್ನು ಮಾತ್ರ, ಪೆಟ್ಟಿಗೆ ಇಲ್ಲದೆ, ಕೊಂಡರು. ಅದರ ಕಪ್ಪು ಕಾಗದವನ್ನು ಬೆರಳ ತುದಿಯಲ್ಲಿ ಮೆಲ್ಲಗೆ ತಟ್ಟಿ ನೋಡಿ, “ಇವನು ಒಳ್ಳೆ ಮನೆತನದೋನು. ಕೂರಿಸೋಕೆ ಒಂದು ಮನೆ ಬೇಕು ಅಷ್ಟೇ” ಎಂದರು.

ಆ ಮನೆ ಕಟ್ಟುವ ಮೊದಲು ಇನ್ನೊಂದು ಅನಾಹುತ ಆಗುವುದಿತ್ತು. ಮಾಯಸಂದ್ರದ ಕಡೆ ಟೆಂಟ್ ಸಿನಿಮಾ ಒಂದು ಮುಚ್ಚಿತೆಂದು ಯಾರೋ ಮಾವನ ಕಿವಿಗೆ ಹಾಕಿದರು. ಪರದೆಯ ಹಿಂದೆ ಇರುತ್ತಿದ್ದ ದೈತ್ಯ ಪೆಟ್ಟಿಗೆ ಕೊಬ್ಬರಿ ಮೂಟೆಗಳ ಮೇಲೆ ಸವಾರಿ ಮಾಡುತ್ತ ಲಾರಿಯಲ್ಲಿ ಬಂದಿಳಿಯಿತು. ಬಾಗಿಲಲ್ಲಿ ಹಿಡಿಸಲಿಲ್ಲ. ಚೌಕಟ್ಟು ಕೀಳಿಸಿದರು!

“ನಾನು ಮದುವೆಯಾಗಿ ಈ ಮನೆಗೆ ಬಂದಾಗ ಹೊಸ್ತಿಲ ಮೇಲೆ ಒಂದು ಸೇರು ಅಕ್ಕಿ ಇಟ್ಟಿದ್ರಿ, ಅಷ್ಟೇ” ಎಂದರು ಅತ್ತೆ. “ಈ ಸುಬ್ಬೂಗೆ ಚೌಕಟ್ಟೇ ಕೀಳ್ತಿದ್ದೀರಲ್ಲ!”

ಸ್ವಿಚ್ಚು ಹಾಕಿದ್ದೇ ತಡ, ಅಟ್ಟದ ಮೇಲೆ ಒಣಗುತ್ತಿದ್ದ ಕಾಯಿಗಳೆಲ್ಲ ಒಂದೇ ಸಲಕ್ಕೆ ಲೊಟಲೊಟ ಎನ್ನತೊಡಗಿದವು. ನಾವೆಲ್ಲ ಮನೆ ಬಿತ್ತೆಂದು ಅಂಗಳಕ್ಕೆ ಓಡಿದರೆ ಮಾವ ಒಳಗೇ ನಿಂತು, “ಕೇಳಿದ್ರಾ? ಅಷ್ಟೂ ಕೊಬ್ಬರಿ ಆಗೈತೆ, ನಾಳೇನೇ ಇಳಿಸ್ಬೋದು!” ಎಂದು ಕುಣಿಯುತ್ತಿದ್ದಾರೆ. ಅಷ್ಟರಲ್ಲಿ ಪುಟ್ಟಮ್ಮಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು.

“ಏನಪ್ಪಾ ಇದು? ಗೋಡೆ ಮೇಲಿದ್ದ ನಮ್ಮೆಜಮಾನ್ರ ಫೋಟೋ ಗಿರ್ರನೆ ತಿರುಗಿ ಗೋಡೆ ನೋಡ್ತಾ ನಿಂತೈತೆ! ಬದುಕಿದ್ದಾಗ್ಲೇ ಅವರು ನನಗೆ ಬೆನ್ನು ಹಾಕ್ದೋರಲ್ಲ!”

ಮಾವ ಓಡಿಹೋಗಿ ಸ್ವಿಚ್ಚು ಆರಿಸಿದರು. “ತಪ್ಪಾಯ್ತು ದೊಡ್ಡವ್ವ. ನಿಮಗೆ ಇದು ಸದ್ದು ಜಾಸ್ತಿ. ನನಗೂ ಬ್ಯಾಡ, ಇದು ಬಲು ನಿಧಾನ. ಮೃದಂಗದೋನು ಇಲ್ಲಿ ಹೊಡೆದ್ರೆ ಗುಂ ಅನ್ನೋದು ಕಂದಿಕೆರೆಯಿಂದ ನಡ್ಕಂಡು ಬತ್ತೈತೆ.”

ಇಲ್ಲೇ ನೋಡಿ, ನಾನು ಮಾವನಿಗೆ ಸೋತದ್ದು. ಊರೆಲ್ಲ ಅವರಿಗೆ ಸದ್ದಿನ ಹುಚ್ಚು ಎಂದುಕೊಂಡಿತ್ತು. ಅವರಿಗೆ ಬೇಕಾಗಿದ್ದದ್ದು ಸದ್ದೇ ಅಲ್ಲ! ಎಲ್ಲೋ ಒಬ್ಬ ಕಲಾವಿದ ಕೂತು ಎಡಗೈಯ ಹೆಬ್ಬೆರಳ ಬುಡದಿಂದ ಚರ್ಮವನ್ನು ಒತ್ತಿ ಒಂದು ನಾದ ಹೊರಡಿಸಿದ್ದಾನೆ. ಆ ನಾದ ದಾರಿಯಲ್ಲಿ ಕಳೆದುಹೋಗಿದೆ. ಅದನ್ನು ಹುಡುಕಿ ಅವನ ಕೈಗೆ ವಾಪಸು ಕೊಡಬೇಕು. ತನಗೆ ಪರಿಚಯವೇ ಇಲ್ಲದ ಮನುಷ್ಯನ ಎಡಗೈಗಾಗಿ ಇಷ್ಟು ಒದ್ದಾಡುವವರನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಕೊನೆಯ ಸುಬ್ಬು ಹಲಸಿನ ಮರದ್ದು. “ವೀಣೆಗೂ ಹಲಸು, ಮೃದಂಗಕ್ಕೂ ಹಲಸು. ಸುಬ್ಬೂಗೆ ಮಾತ್ರ ಯಾಕೆ ಪ್ಲೈವುಡ್ಡು?” ಎಂದು ತುರುವೇಕೆರೆಯ ಬಡಗಿಯೊಬ್ಬರ ಹತ್ತಿರ ಮಾಡಿಸಿದರು. ಬೆಂಗಳೂರಿನಿಂದ ತಂದ ಆ ಬರಿಯ ಸ್ಪೀಕರನ್ನು ಕೂರಿಸಿ, ಗಾಳಿಯಾಡದಂತೆ ಬಿಗಿಯಾಗಿ ಮುಚ್ಚಿದ ಪೆಟ್ಟಿಗೆ. ಒಳಗಿನ ಸದ್ದು ಗೋಡೆಗೆ ಬಡಿದು ಗೊಣಗದಂತೆ ಉಣ್ಣೆ ತುಂಬಬೇಕೆಂದು ಪತ್ರಿಕೆಯಲ್ಲಿತ್ತು. ಉಣ್ಣೆಗೇನು ಬರವೇ? ಚಿಕ್ಕನಾಯಕನಹಳ್ಳಿಯಿಂದ ತಂದ ಹೊಚ್ಚ ಹೊಸ ಕಂಬಳಿಯನ್ನು ಕತ್ತರಿಸಿ ತುಂಬಿಯೇಬಿಟ್ಟರು.

“ಚಳಿಗಾಲಕ್ಕೆ ನಾವೇನು ಹೊದಿಯೋದು?” ಅತ್ತೆ ಕೇಳಿದರು.

“ಸುಬ್ಬು ಪಕ್ಕ ಮಲಗಿದ್ರಾಯ್ತು.”

ಪೆಟ್ಟಿಗೆ ಆಯಿತು. ಆದರೆ ಇಡುವುದೆಲ್ಲಿ? ಒಂದು ಮೂಲೆಯಲ್ಲಿಟ್ಟರೆ ಮೊಳಗುತ್ತದೆ, ಇನ್ನೊಂದು ಕಡೆ ಇಟ್ಟರೆ ಮಾಯವಾಗುತ್ತದೆ. ಮತ್ತೆ ನನ್ನ ಪತ್ರಿಕೆಗೇ ಶರಣು. ಅದರಲ್ಲೊಂದು ಉಪಾಯವಿತ್ತು: ಪೆಟ್ಟಿಗೆಯನ್ನು ಕೇಳುವವನ ಕುರ್ಚಿಯ ಮೇಲೆ ಕೂರಿಸಿ, ಕೇಳುವವನು ನೆಲದ ಮೇಲೆ ಸುತ್ತ ಹರಿದಾಡಬೇಕು. ಎಲ್ಲಿ ನಾದ ಹದವಾಗಿ ಕೇಳುತ್ತದೋ ಅಲ್ಲಿ ಪೆಟ್ಟಿಗೆ ಇಡಬೇಕು. ನಾನು ಓದಿ ಹೇಳಿ ನಗುವಷ್ಟರಲ್ಲಿ ಮಾವ ಪಂಚೆ ಎತ್ತಿ ಕಟ್ಟಿಯಾಗಿತ್ತು.

ಮಾವನ ಆರಾಮ ಕುರ್ಚಿಯಲ್ಲಿ ಸುಬ್ಬು ವಿರಾಜಮಾನನಾಗಿದ್ದ. ಮಾವ ಬರಿಮೈಯಲ್ಲಿ, ಹಣೆಯ ಮೇಲೆ ವಿಭೂತಿ, ಅಂಬೆಗಾಲಿಡುತ್ತ, ಅಲ್ಲಲ್ಲಿ ತಲೆ ಬಗ್ಗಿಸಿ ನೆಲಕ್ಕೆ ಕಿವಿ ತಾಗಿಸುತ್ತ ಹಜಾರವನ್ನು ಸುತ್ತುತ್ತಿದ್ದರು. ಸರಿಯಾಗಿ ಆಗಲೇ ದಿಲ್ಲಿಯಿಂದ ಕೊಬ್ಬರಿ ಖರೀದಿಗೆ ಬಂದಿದ್ದ ಸೇಠರೊಬ್ಬರು ಮಂಡಿಯಲ್ಲಿ ಮಾವ ಸಿಗದೆ ಮನೆಗೇ ಬಂದುಬಿಡಬೇಕೆ! ಹೊಸ್ತಿಲಲ್ಲಿ ನಿಂತರು. ಕುರ್ಚಿಯ ಮೇಲಿನ ಪೆಟ್ಟಿಗೆಯನ್ನು ನೋಡಿದರು. ಅದರ ಮುಂದೆ ತಲೆಯನ್ನು ನೆಲಕ್ಕಿಟ್ಟಿದ್ದ ಮಾವನನ್ನು ನೋಡಿದರು. ಬೂಟು ಕಳಚಿ, ಒಳಗೆ ಬಂದು, ಭಕ್ತಿಯಿಂದ ಸುಬ್ಬುವಿಗೆ ಕೈಮುಗಿದರು!

ಅವತ್ತು ಸಿಕ್ಕಿದ ಜಾಗ ಯಾವುದು ಗೊತ್ತೆ? ಹಜಾರದಿಂದ ಅಡಿಗೆಮನೆಗೆ ಹೋಗುವ ದಾರಿಯ ನಟ್ಟನಡುವೆ. ಮಾವ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಅಲ್ಲಿಂದಾಚೆಗೆ ಅತ್ತೆ ಸಾರಿನ ಪಾತ್ರೆ ಹಿಡಿದುಕೊಂಡು ಸುಬ್ಬುವಿನ ಸುತ್ತ ಬಳಸಿಕೊಂಡೇ ಬರಬೇಕು. ಅವರಿವರು, “ಸ್ವಲ್ಪ ಆ ಕಡೆ ಸರಿಸ್ಬಾರ್ದೇ?” ಎಂದರೆ ಮಾವ ಅವರನ್ನು ಮನೆ ಸುಡಲು ಬಂದವರಂತೆ ನೋಡುತ್ತಿದ್ದರು. ಒಮ್ಮೆ ಅತ್ತೆ ಗುಡಿಸುವಾಗ ಕೂದಲೆಳೆಯಷ್ಟು ಸರಿದಿರಬೇಕು. ಸಂಜೆ ಮಾವ ರೆಕಾರ್ಡು ಹಾಕಿ, ತಲೆ ಎತ್ತಿ, “ಯಾರು ಮುಟ್ಟಿದ್ದು?” ಎಂದರು. ನಾವಿಬ್ಬರೂ ಅಡಿಗೆಮನೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದೆವು.

ಆದರೆ ಆ ಸುಬ್ಬು ಮೊದಲು ನುಡಿದ ಸಂಜೆಯನ್ನು ನಾನು ಹೇಗೆ ಹೇಳಲಿ? ಪೆಟ್ಟಿಗೆ ಸದ್ದು ಮಾಡಿತೆಂದು ಯಾರಿಗೂ ಅನ್ನಿಸಲೇ ಇಲ್ಲ. ಆ ಎರಡು ಸಣ್ಣ ಸ್ಪೀಕರುಗಳಿಗೇ ಎದೆ ಬಂದಂತಾಯಿತು. ಮೃದಂಗದ ಎಡಗೈ ಬಂದು ಬಲಗೈಯ ಪಕ್ಕದಲ್ಲಿ ಕೂತಿತು. ಮಾವ ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು. ಕರೆಸಿದ್ದರಿಂದ ಗೊಣಗುತ್ತಲೇ ಬಂದಿದ್ದ ಪುಟ್ಟಮ್ಮಜ್ಜಿ ಸ್ವಲ್ಪ ಹೊತ್ತು ಕೇಳಿ, ಎದ್ದು ಹೋಗಿ ಬಾಗಿಲ ಹಿಂದೆ ಇಣುಕಿದರು.

“ಏನು ಹುಡುಕ್ತೀರ ದೊಡ್ಡವ್ವ?”

“ಮೃದಂಗದೋನ್ನ ಎಲ್ಲಿ ಕೂರ್ಸಿದ್ದೀಯ?”

ಮಾವನಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಿರಲಿಲ್ಲ. ಹಾಗೆಂದು ಅಜ್ಜಿ ಜಗಳ ಬಿಟ್ಟರೆಂದುಕೊಳ್ಳಬೇಡಿ. ವರ್ಷಗಟ್ಟಲೆ ದಿನವೂ ಸಂಜೆ ಗೋಡೆಯಾಚೆಯಿಂದ, “ಸಾಕು ಮಾಡಪ್ಪಾ ನಿನ್ನ ಸುಬ್ಬೂನ!” ಎಂಬ ಕೂಗು ಬರುತ್ತಲೇ ಇತ್ತು. ಮಾವ, “ಆಯ್ತು ದೊಡ್ಡವ್ವ, ಇದೊಂದು ಕೀರ್ತನೆ!” ಎಂದು ಕೂಗುತ್ತಲೇ ಇದ್ದರು.

ನಾನು ಓದು ಮುಗಿಸಿ ಅಲ್ಲೇ ಹೈಸ್ಕೂಲಿನಲ್ಲಿ ಪಾಠ ಹೇಳತೊಡಗಿದ ವರ್ಷ, ಪುಟ್ಟಮ್ಮಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಡಾಕ್ಟರು ಹಾಸಿಗೆ ಬಿಟ್ಟು ಏಳಕೂಡದೆಂದರು. ಅಂದೇ ಮಾವ ಸ್ವಿಚ್ಚು ಆರಿಸಿದರು. “ನೋವಲ್ಲಿರೋರ ಪಕ್ಕ ಗುಂ ಅನ್ನಿಸ್ತಾರೇನಮ್ಮ?” ಸಂಜೆ ಮಂಡಿಯಿಂದ ಬಂದು ಕುರ್ಚಿಯಲ್ಲಿ ಕೂತು ಸುಮ್ಮನೆ ಸುಬ್ಬುವನ್ನು ನೋಡುತ್ತಿದ್ದರು. ವಾರಗಳು ಕಳೆದವು. ಅಜ್ಜಿ ದಿನೇದಿನೇ ಸೊರಗುತ್ತಿದ್ದರು, ಊಟ ಮುಟ್ಟುತ್ತಿರಲಿಲ್ಲ. ಒಂದು ದಿನ ಸೊಸೆಯ ಕೈಲಿ ಮಾವನಿಗೆ ಹೇಳಿಕಳಿಸಿದರು. ಜೊತೆಗೆ ನಾನೂ ಹೋದೆ.

“ಸುಬ್ಬು ಕೆಟ್ಟೋದ್ನಾ?” ಅಜ್ಜಿಯ ದನಿ ಬಹಳ ಸಣ್ಣದಾಗಿತ್ತು.

“ಇಲ್ಲ ದೊಡ್ಡವ್ವ. ನಿಮಗೆ ತೊಂದ್ರೆ ಆಗ್ಬಾರ್ದು ಅಂತ...”

“ಇಷ್ಟು ವರ್ಷ ತೊಂದ್ರೆ ಕೊಟ್ಟು ಈಗ ಮರ್ವಾದೆ ಕಲ್ತ್ಯಾ? ಇಲ್ಲಿ ಎಲ್ರೂ ಮೆತ್ತಗೆ ಮಾತಾಡ್ತಾರೆ, ಮೆತ್ತಗೆ ನಡೀತಾರೆ. ನಾನು ಆಗ್ಲೇ ಹೋದಂಗೆ ಮಾಡ್ತಾರೆ ಕಣಪ್ಪ. ಹಗಲೆಲ್ಲ ಈ ಗೋಡೆ ನೋಡ್ಕಂಡು ಮಲಗಿರ್ತೀನಿ. ಅದೂ ಮಾತಾಡಲ್ಲ.”

ಮಾವ ಎದ್ದು ನೇರ ಮನೆಗೆ ಬಂದರು. ಸುಬ್ಬುವನ್ನು ಎರಡೂ ಕೈಯಲ್ಲಿ ಹಿಡಿದು ಸೀಮೆಸುಣ್ಣದ ಗೆರೆ ದಾಟಿಸಿ, ದರದರನೆ ಎಳೆದುಕೊಂಡು ಹೋಗಿ ಅಜ್ಜಿಯ ಮನೆಯ ಗೋಡೆಗೆ ಒತ್ತಿ ಇಟ್ಟರು. ಅದರ ಮುಖವನ್ನೂ ಗೋಡೆಯ ಕಡೆಗೇ ತಿರುಗಿಸಿದರು. ನಾನೂ ಅತ್ತೆಯೂ ಕಣ್ಣು ಬಿಟ್ಟುಕೊಂಡು ನಿಂತಿದ್ದೆವು.

“ಮಾವ, ಆ ಗೋಡೆಗೆ ಒತ್ತಿಟ್ರೆ ಏನೂ ಸರಿಯಾಗಿ ಕೇಳಲ್ಲ ಅಂತಿದ್ರಲ್ಲ?”

“ಇಲ್ಲಿ ಕೇಳಲ್ಲ ಕಣಮ್ಮ. ಅಲ್ಲಿ ಕೇಳ್ತದೆ.”

ರೆಕಾರ್ಡು ಹಾಕಿ, ಹೇಗೆ ಕೇಳುತ್ತದೋ ನೋಡಿ ಬರುತ್ತೇನೆಂದು ಹೋದವರು ಬರಲೇ ಇಲ್ಲ. ಒಂದು ಮಗ್ಗುಲು ಮುಗಿಯುತ್ತ ಬಂದಾಗ, ತಿರುಗಿಸಿ ಹಾಕಲೇ ಎಂದು ಕೇಳಲು ನಾನೂ ಹೋದೆ. ಬಾಗಿಲಲ್ಲೇ ನಿಂತುಬಿಟ್ಟೆ.

ಆ ದಪ್ಪ ಗೋಡೆಯನ್ನು ದಾಟಿ ಬರುತ್ತಿದ್ದದ್ದು ಬರಿಯ ಗುಂ. ಗಾಯಕನಿಲ್ಲ, ಪಿಟೀಲಿಲ್ಲ, ಮೃದಂಗದ ಬಲಗೈಯೂ ಇಲ್ಲ. ಮಾವ ಮಂಚದ ಪಕ್ಕ ನೆಲದ ಮೇಲೆ ಕೂತು, ಉಳಿದದ್ದನ್ನೆಲ್ಲ ತಾವೇ ಹಾಡುತ್ತಿದ್ದರು. ಅವರ ದನಿ ಎಂಥದ್ದೆಂದರೆ, ಶ್ರುತಿ ಅದರ ಹತ್ತಿರ ಸುಳಿದದ್ದೇ ಇಲ್ಲ. ಅರ್ಧ ಸಾಹಿತ್ಯ ತಪ್ಪು. ಒಂದು ಕೂದಲೆಳೆಯಷ್ಟು ಸರಿದದ್ದನ್ನು ಕಂಡುಹಿಡಿಯುತ್ತಿದ್ದ ಆ ಕಿವಿ ತನ್ನ ಗಂಟಲನ್ನು ಹೇಗೆ ಸಹಿಸಿಕೊಂಡಿತೋ! ಅಜ್ಜಿ ಕಣ್ಣು ಮುಚ್ಚಿಕೊಂಡು, ಅಂಗೈಯನ್ನು ಗೋಡೆಗೆ ಒತ್ತಿಕೊಂಡು ಮಲಗಿದ್ದರು.

ಅಷ್ಟರಲ್ಲಿ ಆ ಕಡೆ ರೆಕಾರ್ಡು ಮುಗಿಯಿತು. ಗೋಡೆ ಸುಮ್ಮನಾಯಿತು. ಮಾವನೂ ತಡವರಿಸಿ ಹಾಡು ನಿಲ್ಲಿಸಿದರು.

ಅಜ್ಜಿ ಕಣ್ಣು ತೆರೆಯಲಿಲ್ಲ.

“ಸುಬ್ಬು ನಿಂತ್ರೆ ನಿಲ್ಲಲಿ ಬುಡು,” ಎಂದರು. “ನೀನ್ಯಾಕಪ್ಪ ನಿಲ್ಲಿಸ್ದೆ? ಹಾಡು.”